ಭೋಜರಾಜರ ಕಾರಿಗೆ ಕರ್ಪೂರದಾರತಿ

ಕಾರಿನ ಕೀ ಹೆಂಡತಿಯ ಕೈಗೆ ಹೋಗಬಾರದು ಎಂಬುದು ಭೋಜರಾಜರು ಬಾಳಿನಲ್ಲಿ ಬಿಡದೆ ಪಾಲಿಸಿದ ಏಕೈಕ ಸಿದ್ಧಾಂತ. (ಮನೆಯ ಉಳಿದ ಸಿದ್ಧಾಂತಗಳೆಲ್ಲ ಹೆಂಡತಿ ಕಲಾವತಿಯವರ ಉಸ್ತುವಾರಿಯಲ್ಲಿದ್ದವು.) ವಿಮಾ ಕಂಪನಿ ಅವರನ್ನು ಚೆನ್ನೈಯಿಂದ ಕೆಲವು ತಿಂಗಳ ಮಟ್ಟಿಗೆ ತಿರುನೆಲ್ವೇಲಿಗೆ ಅಟ್ಟಿದಾಗಲೂ ಅಷ್ಟೆ.

"ಕೀ ಇಟ್ಟು ಹೋಗಿ. ಆಗಾಗ ಸ್ಟಾರ್ಟ್ ಮಾಡದಿದ್ರೆ ಬ್ಯಾಟರಿ ಸಾಯ್ತದಂತೆ."

"ಇದು ಮಿಕ್ಸಿ ಅಲ್ಲ ಮಾರಾಯ್ತಿ, ಕಾರು!" ಎಂದು ಗದರಿ, ಕೀಯನ್ನು ಸೂಟ್‌ಕೇಸಿನ ತಳಕ್ಕೆ ಸೇರಿಸಿ ಅವರು ರೈಲು ಹತ್ತಿದರು. ಕಾರು ಬೆಸೆಂಟ್ ನಗರದ ಫ್ಲ್ಯಾಟಿನ ಕೆಳಗೆ ಮುಸುಕು ಹಾಕಿ ಮಲಗಿತು.

ಅವರು ಮರಳಿ ಬಂದ ಮರುದಿನವೇ ಕೋಡಂಬಾಕ್ಕಂನಲ್ಲಿ ಕಲಾವತಿಯವರ ಅಣ್ಣ ಸದಾನಂದರ ಮಗಳ ನಿಶ್ಚಿತಾರ್ಥ. ಕಲಾವತಿಯವರು ಬೆಳಿಗ್ಗೆಯೇ ಶಾಸನ ಹೊರಡಿಸಿದರು. "ಈ ಕಾರು ಇವತ್ತು ನಮ್ಮನ್ನು ಮುಹೂರ್ತಕ್ಕೆ ಮುಟ್ಟಿಸಿದ್ರೆ ಸರಿ. ಇಲ್ಲದಿದ್ರೆ ನಾಳೆಯೇ ಮಾರುವ. ಅಣ್ಣ ಗಿರಾಕಿ ನೋಡಿಟ್ಟಿದ್ದಾನೆ."

ಭೋಜರಾಜರು ಕೀ ಹಿಡಿದು ಕೆಳಗೆ ಓಡಿದರು. ಆ ಕಾರಿನ ಮೇಲೆ ಅವರಿಗೆ ಪ್ರಾಣ. ಮುಸುಕು ಎಳೆದು, ಕೀ ತಿರುಗಿಸಿದರು. ಟಕ್ ಎಂದಿತು. ಮತ್ತೆ ತಿರುಗಿಸಿದರೆ ಅದೂ ಇಲ್ಲ.

ಈಗ ಸಲಹಾ ಸಮಿತಿ ನೆರೆಯಿತು. ಮೇಲಿನ ಮನೆಯ ವಿಘ್ನೇಶ್ ಬ್ಯಾಟರಿಗೆ ಬಿಸಿನೀರು ಸುರಿಯಬೇಕೆಂದರು, ವಾಚ್‌ಮ್ಯಾನ್ ತಳ್ಳಬೇಕೆಂದ. ಮಗಳು ಶ್ರೀಯಾ ಮಾತ್ರ, "ಅಪ್ಪಾ, ಆಟೋಲ ಪೋಲಾಮಾ?" ಎಂದು ತಮಿಳಿನಲ್ಲೇ ಆಟೋದಲ್ಲಿ ಹೋಗುವ ದಾರಿ ತೋರಿಸಿ ಮುಗಿಸಿದಳು. ಯಾರ ಮಾತು ಕೇಳಬೇಕೆಂದು ತಿಳಿಯದೆ ಭೋಜರಾಜರು ಬಾನೆಟ್ ಎತ್ತಿದರು, ಒಳಗೇನಿದೆಯೆಂದು ಅರ್ಥವಾಗದೆ ಹಾಗೆಯೇ ಮುಚ್ಚಿದರು.

ಕಡೆಗೆ ತಳ್ಳುವುದೆಂದಾಯಿತು. ಫಸ್ಟ್ ಗೇರಿನಲ್ಲಿ ಕಾರು ಮುಗ್ಗರಿಸಿ ನಿಂತಿತು.

"ಸೆಕೆಂಡ್ ಗೇರಿಗೆ ಹಾಕಿ. ಓಡುವಾಗ ಕ್ಲಚ್ ಬಿಡಿ," ಎಂದರು ಕಲಾವತಿಯವರು.

"ನಿನಗೆಂತ ಗೊತ್ತು?"

"ಎಲ್ಲೋ ಕೇಳಿದ ನೆನಪು."

ಹಾಕಿದರು. ಇಂಜಿನ್ ಗುಡುಗಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ಭೋಜರಾಜರು ದಂಡಯಾತ್ರೆ ಗೆದ್ದುಬಂದವರ ಗತ್ತಿನಲ್ಲಿ ಕಾರನ್ನು ಗೇಟಿನ ಮುಂದೆ ನಿಲ್ಲಿಸಿ, "ಯಾರೂ ಆಫ್ ಮಾಡಬೇಡಿ! ಆಫ್ ಆದ್ರೆ ಕಥೆ ಮುಗೀತು!" ಎಂದು ಅಬ್ಬರಿಸಿದರು.

ಇಷ್ಟು ದಿನ ನಿಂತ ಗಾಡಿ ಆರತಿಯಿಲ್ಲದೆ ಹೊರಡುವುದುಂಟೆ? ಕಲಾವತಿಯವರು ಚಕ್ರದಡಿ ಲಿಂಬೆಹಣ್ಣಿಟ್ಟು, ತಟ್ಟೆಯಲ್ಲಿ ಕರ್ಪೂರ ಹಚ್ಚಿ ತಂದರು. ಪೆಟ್ರೋಲು ಗಾಡಿಯ ಹತ್ತಿರ ಬೆಂಕಿ ತರುವಾಗ ಇಂಜಿನ್ ಆಫ್ ಆಗಿರಬೇಕೆಂಬುದು ಪ್ರತಿ ಆಯುಧಪೂಜೆಗೂ ಭೋಜರಾಜರೇ ಘೋಷಿಸುವ ನಿಯಮ. ಕೈ ತಾನಾಗಿಯೇ ಹೋಗಿ ಕೀ ತಿರುಗಿಸಿತು. ಭಕ್ತಿಯಿಂದ ಇಳಿದು, ತಟ್ಟೆಯನ್ನು ಕೈಗೆ ತೆಗೆದುಕೊಂಡು, ಕಾರಿಗೆ ಆರತಿ ಎತ್ತಿದರು.

ಆಮೇಲೆಯೇ ಅವರಿಗೆ ಕಾರಿನ ಮೌನ ಕೇಳಿಸಿದ್ದು.

"ಯಾರು ಆಫ್ ಮಾಡಿದ್ದು?" ಎಂದು ಕೇಳಿದರು. ವಿಘ್ನೇಶ್ ಸೊಂಟ ಹಿಡಿದುಕೊಂಡು ಮಹಡಿ ಹತ್ತಿದರು.

"ತಳ್ಳಲಿಕ್ಕೆ ಒಬ್ಬ ಸಾಲುವುದಿಲ್ಲ. ನೀವೂ ತಳ್ಳಿ. ನಾನು ಸ್ಟೇರಿಂಗ್ ಹಿಡ್ಕೊಳ್ತೇನೆ," ಎಂದು ಕಲಾವತಿಯವರು ಸೆರಗು ಸಿಕ್ಕಿಸಿ ಸೀಟಿನಲ್ಲಿ ಕುಳಿತರು. ಶ್ರೀಯಾ ಹಿಂದೆ ಹತ್ತಿದಳು. ಭೋಜರಾಜರೂ ವಾಚ್‌ಮ್ಯಾನೂ ಉಸಿರು ಬಿಗಿಹಿಡಿದು ತಳ್ಳಿದರು. ಲಿಂಬೆಹಣ್ಣು ಪಚಕ್ಕೆಂದಿತು. ಇಂಜಿನ್ ಗುಡುಗಿತು. ಕಾರು ಹೊರಟಿತು, ಹೊರಟೇ ಹೋಯಿತು.

"ಕಲಾವತೀ! ನಿಲ್ಲಿಸು!"

"ಆಫ್ ಮಾಡ್ಬಾರ್ದು ಅಂತ ನೀವೇ ಹೇಳಿದ್ದಲ್ವಾ?" ಎಂಬ ಕೂಗು ತೇಲಿಬಂತು. ಕಾರು ಕಿಟಕಿಯಿಂದ ಅಚ್ಚುಕಟ್ಟಾಗಿ ಕೈ ತೋರಿಸಿ ತಿರುವಿನಲ್ಲಿ ಮರೆಯಾಯಿತು.

ಸಾಹೇಬರು ತಿರುನೆಲ್ವೇಲಿಯಲ್ಲಿದ್ದಾಗ ದಿನಾ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಕಾರು ಅಮ್ಮನನ್ನು ಕರೆಯಲು ಬರುತ್ತಿತ್ತೆಂದು ವಾಚ್‌ಮ್ಯಾನ್ ಆಗ ಬಾಯಿ ಬಿಟ್ಟ.

ಭೋಜರಾಜರು ಆಟೋ ಹಿಡಿದು, ಆರತಿತಟ್ಟೆಯ ಸಮೇತ ಮಂಟಪ ಸೇರುವಾಗ ಉಂಗುರ ಬದಲಾಯಿಸಿ ಆಗಿತ್ತು. ಕಲಾವತಿಯವರು ಮುಂದಿನ ಸಾಲಿನಲ್ಲಿ ಪಾನಕ ಕುಡಿಯುತ್ತಿದ್ದರು.

"ಕಾರು ಮಾರುವುದಾ?" ಎಂದು ಇವರು ಅಳುಕುತ್ತ ಕೇಳಿದರು.

"ಎಂತಕ್ಕೆ? ಮುಹೂರ್ತಕ್ಕೆ ಮುಟ್ಟಿಸಿತಲ್ಲ!"

ಹೋದ ಜೀವ ಬಂದಂತಾಯಿತು. ಭೋಜರಾಜರು ಕೀಗಾಗಿ ಕೈ ಚಾಚಿದರು.

ಕಲಾವತಿಯವರು ಕೀಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದರು. "ಇದು ಮಿಕ್ಸಿ ಅಲ್ಲ ಮಾರಾಯ್ರೆ."