ಅತ್ತೆಯ ತವರು, ನನ್ನ ಕೀಲುವಾತ

ಮೈಗೆ ಬೇನೆ ಬಂದರೆ ನಾವು ಔಷಧಕ್ಕಿಂತ ಮೊದಲು ಹುಡುಕುವುದು ಅಪರಾಧಿಯನ್ನು. ಹೊಟ್ಟೆ ಉಬ್ಬರಿಸಿದರೆ ಬೀಗರ ಮನೆಯ ಊಟ, ನೆಗಡಿಯಾದರೆ ಊರ ನೀರು. ನನ್ನ ಕೀಲುವಾತಕ್ಕೆ ಅತ್ತೆ ಹಿಡಿದುಕೊಟ್ಟ ಅಪರಾಧಿ ನನ್ನ ತವರುಮನೆ.

ಬ್ಯಾಡಗಿಯ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವಳು ನಾನು. ನನ್ನ ಸೊಕ್ಕೆಲ್ಲ ಇದ್ದದ್ದು ಅದರಲ್ಲೇ. ಆ ವರ್ಷ ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲೊಲ್ಲವು. ಗೆಣ್ಣು ಬಾತು, ನನ್ನ ರೊಟ್ಟಿ ಆಗಿನ್ನೂ ಹೊಸದಾಗಿದ್ದ ಹಾವೇರಿ ಜಿಲ್ಲೆಯ ನಕ್ಷೆಯಂತಾಯಿತು. ಯಜಮಾನರು ಪಾಪ, ಯಾವ ತಾಲ್ಲೂಕನ್ನೂ ಬಿಡದೆ ತಿಂದರು. ನನಗೆ ಮಾತ್ರ ಒಳಗೊಳಗೇ ಹೆದರಿಕೆ. ಕರ್ಜಗಿಯಲ್ಲಿ ನಮ್ಮ ಅಜ್ಜಿ, ಅಪ್ಪನ ತಾಯಿ, ಇದೇ ಬೇನೆಯಿಂದ ಬೆರಳು ಸೊಟ್ಟಗಾಗಿ ಕೊನೆಗೆ ಇನ್ನೊಬ್ಬರ ಕೈತುತ್ತು ತಿಂದವಳು. ನನಗೂ ಅದೇ ಗತಿಯಾದರೆ?

ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಹೊರಟಾಗ ಅತ್ತೆಯೂ ಬಸ್ಸು ಹತ್ತಿದರು. "ಮನೆತನದಾಗ ಮೊದ್ಲ ಯಾರಿಗರೆ ಇತ್ತೇನ್ರಿ?" ಎಂದು ಡಾಕ್ಟರು ಕೇಳುವುದೇ ತಡ ಅತ್ತೆ, "ಇಕಿ ತವರಮನಿಯಾಗ ಐತ್ರಿ. ನಮ್ಮ ಕಡೆ ಯಾರಿಗೂ ಇಲ್ರಿ," ಎಂದರು.

"ನೀವು ಇವರಿಗೆ ಏನಾಗ್ಬೇಕ್ರಿ?"

"ಅತ್ತಿರಿ. ಇಕಿ ಅಪ್ಪ ನನ್ನ ಒಡಹುಟ್ಟಿದ ತಮ್ಮ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಂದ್ರ ಇವರ ತವರಮನಿ, ನಿಮ್ಮ ತವರಮನಿ ಒಂದ ಆತಲ್ರಿ ಯವ್ವಾ!"

ನಮ್ಮಲ್ಲಿ ಸೋದರತ್ತೆಯ ಮಗನನ್ನು ಮದುವೆಯಾಗುವುದು ವಾಡಿಕೆ. ಇಷ್ಟು ವರ್ಷ ಅತ್ತೆ ನನ್ನ ತವರಿಗೆ ಅಂದದ್ದೆಲ್ಲ ಅವರ ತವರಿಗೇ ಬಿದ್ದಿತ್ತು. ಅನ್ನುವವರಿಗೂ ಹೊಳೆದಿರಲಿಲ್ಲ, ಅಳುವ ನನಗೂ ಹೊಳೆದಿರಲಿಲ್ಲ.

ಡಾಕ್ಟರು ಅತ್ತೆಯ ಗೆಣ್ಣುಗಳನ್ನೂ ಒತ್ತಿ ನೋಡಿದರು. "ಮುಂಜಾನೆ ಬಿಗೀತಾವೇನ್ರಿ?"

"ಚೂರು ಬಿಗೀತಾವ್ರಿ. ಅದು ವಾಯು," ಎಂದರು ಅತ್ತೆ ಸಣ್ಣ ದನಿಯಲ್ಲಿ. ಅವರದೂ ರಕ್ತ ಪರೀಕ್ಷೆಯಾಯಿತು. ವಾಯು ಅಲ್ಲ, ಅಜ್ಜಿಯ ಬೇನೆಯೇ. ವರ್ಷಗಟ್ಟಲೆ ಸದ್ದಿಲ್ಲದೆ ಕೂತಿತ್ತು, ಒಂದು ಬೆರಳನ್ನೂ ಸೊಟ್ಟ ಮಾಡಿರಲಿಲ್ಲ.

"ರೋಗ ಒಂದ ಇದ್ರೂ ಅದರ ಜೋರು ಒಬ್ಬೊಬ್ಬರಿಗೆ ಒಂದೊಂದು ನಮೂನಿ," ಎಂದರು ಡಾಕ್ಟರು. "ಹುಟ್ಟುತ್ತ ಬಂದ ಜೀನುಗಳ ಫರಕೂ ಅದಕ್ಕೊಂದು ಕಾರಣ. ಅಜ್ಜಿಗಾದಂಗ ನಿಮಗ ಆಗಬೇಕಂತೇನಿಲ್ರಿ. ಲಗೂ ಗುಳಿಗಿ ಸುರು ಮಾಡೋಣು. ಅವರ ಕಾಲಕ್ಕ ಇವು ಸಿಗತಿದ್ದಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ನೀವಿದರು. "ನಮ್ಮವ್ವನ ಹಣೇಬಾರ ನಿನಗ ಬ್ಯಾಡವ್ವಾ," ಎಂದರು. ನನಗೆ ಅಳು ಬಂತು.

ಗುಳಿಗೆ ಹಿಡಿಯಿತು, ಬಾವು ಇಳಿಯಿತು. ಈ ಮನೆಗೆ ಬಂದಾಗಿನಿಂದ ನಾನು ದೇವರಲ್ಲಿ ಬೇಡಿದ್ದು ಒಂದೇ: ವಯಸ್ಸಾದಂತೆ ನಾನು ಅತ್ತೆಯ ಹಾಗೆ ಆಗದಿರಲಿ. ಈಗ ದಿನಾ ದೀಪ ಹಚ್ಚಿ, ನನ್ನನ್ನು ಥೇಟ್ ಅತ್ತೆಯ ಹಾಗೇ ಮಾಡಪ್ಪಾ, ಆದರೆ ಬೆರಳಿನ ಮಟ್ಟಿಗೆ ಸಾಕು ಎನ್ನುತ್ತೇನೆ. ಯಜಮಾನರು ಹೇಳುವ ಪ್ರಕಾರ ಉಳಿದದ್ದೆಲ್ಲ ಆಗಲೇ ಬಂದಾಗಿದೆಯಂತೆ, ಬೆರಳೊಂದೇ ಬಾಕಿ.