ಹಳದಿ ದೀಪ ಮತ್ತು ಹದಿಮೂರರ ಮಗ್ಗಿ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾಗಿದ್ದು ಹೆಸರುಕಾಳಿಗಿಂತ ತುಸು ದೊಡ್ಡದಾದ ಒಂದು ಹಳದಿ ದೀಪ. ಡ್ರಾಯಿಂಗ್ ಮೇಷ್ಟ್ರ ಹಳೆಯ ಕಾರಿನಲ್ಲಿ, ಸ್ಟೀರಿಂಗಿನ ಹಿಂದೆ, ಪುಟ್ಟ ಎಂಜಿನ್ನಿನ ಆಕಾರದಲ್ಲಿ ಅದು ಎಷ್ಟೋ ಕಾಲದಿಂದ ಉರಿಯುತ್ತಿತ್ತು. ಮೇಷ್ಟ್ರು ಮೊದಮೊದಲು ಅದರತ್ತ ನೋಡದೆ ಓಡಿಸಿದರು. ಆಮೇಲೆ ಅದರ ಮೇಲೊಂದು ಗುಲಾಬಿ ಹೂವಿನ ಸ್ಟಿಕರ್ ಅಂಟಿಸಿ ಓಡಿಸಿದರು. ಹೋದ ವಾರ ಅಕ್ಕನನ್ನು ಕೂರಿಸಿಕೊಂಡು ಹೋಗುವಾಗ ಕಾರು ನಡುರಸ್ತೆಯಲ್ಲಿ ಕೆಮ್ಮಿ ನಿಂತುಬಿಟ್ಟಿತು. ಹಿಂದಿದ್ದ ಬಸ್ಸಿನವನು ಅಕ್ಕನ ಮುಖ ನೋಡಿಕೊಂಡೇ ಹಾರನ್ ಹೊಡೆದ. ಆ ಅವಮಾನವನ್ನು ಅಕ್ಕ ಮರೆಯಲಿಲ್ಲ.

ಭಾನುವಾರ ಬೆಳಗ್ಗೆ ಫೋನ್ ಬಂತು.

"ಸಾಯಂಕಾಲ ಗುಜರಿಯವನನ್ನ ಕರ್ಕೊಂಡು ಬರ್ತಿದ್ದೀನಿ. ಅಷ್ಟರಲ್ಲಿ ಆ ದೀಪ ಆರಿಸಿ ಗಾಡಿ ಓಡಿಸಿ ತೋರಿಸಿದ್ರೆ ಅದು ನಿನ್ನದು, ನಾನು ತುಟಿ ಪಿಟಕ್ಕನ್ನಲ್ಲ. ಇಲ್ಲಾಂದ್ರೆ ಅವನದು."

"ಅಕ್ಕಾ, ಅಪ್ಪನ ಗಾಡಿ ಕಣೇ ಅದು."

"ಅಪ್ಪನ ಕನ್ನಡಕಾನೂ ಇದೆ. ಹಾಕ್ಕೊಂಡು ಓಡಾಡ್ತೀಯೇನೋ?"

ಅಕ್ಕ ಒಂದು ಮಾತು ಆಡಿದರೆ ಮುಗಿಯಿತು. ಚಿಕ್ಕಂದಿನಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೆ ಅನ್ನುವುದರಿಂದ ಹಿಡಿದು ಇವತ್ತಿನವರೆಗೂ ಹಾಗೇ ನಡೆದುಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ಕಾರು ಇಬ್ಬರಿಗೂ ಸೇರಿದ್ದು. ಆದರೆ ಅದರ ಮೇಲೆ ಜೀವ ಇಟ್ಟುಕೊಂಡವರು ಮೇಷ್ಟ್ರೊಬ್ಬರೇ. ಬಾಗಿಲು ತೆರೆದರೆ ಈಗಲೂ ಅಪ್ಪನ ನಶ್ಯದ ಘಾಟು ಮೂಗಿಗೆ ಹತ್ತುತ್ತಿತ್ತು. ಆ ಸೀಟಿನಲ್ಲಿ ಕೂತರೆ, ಐವತ್ತು ದಾಟಿದ ಮೇಷ್ಟ್ರಿಗೆ ತಾನಿನ್ನೂ ಯಾರದೋ ಮಗ ಅನ್ನಿಸುತ್ತಿತ್ತು.

ಮೇಷ್ಟ್ರು ಗ್ಯಾರೇಜಿಗೆ ಓಡಿದರು. ಮೆಕ್ಯಾನಿಕ್ ತಲೆಯಾಡಿಸಿದ. "ನನ್ನ ಹೊಸ ಮೆಷಿನ್ ಹಾಕಿದ್ರೆ ನಿಮ್ಮ ಗಾಡಿ ಬಾಯೇ ಬಿಡಲ್ಲ ಸಾರ್. ಅದಕ್ಕೆ ಏನು ಕಾಯಿಲೆ ಅಂತ ಕೇಳೋ ಸಾಫ್ಟ್‌ವೇರೇ ಬೇರೆ, ಹಳೇದು. ಅದು ಓಡೋಕೆ ಅಷ್ಟೇ ಹಳೇ ಲ್ಯಾಪ್‌ಟಾಪ್ ಬೇಕು. ಮನೇಲಿದ್ರೆ ನೋಡಿ." ಹೀಗೆಂದು ಧೂಳು ಹಿಡಿದ ಒಂದು ಸಿ.ಡಿ.ಯನ್ನೂ ಒಂದು ಕೇಬಲ್ಲನ್ನೂ ಕೈಗಿಟ್ಟ.

ಮನೆಯಲ್ಲಿತ್ತು. ಅಟ್ಟದ ಮೇಲೆ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ, ಮಗಳು ಕಾಲೇಜಿಗೆ ಹೊತ್ತೊಯ್ಯುತ್ತಿದ್ದ ಲ್ಯಾಪ್‌ಟಾಪ್. ಎತ್ತಿದರೆ ಅಕ್ಕಿಮೂಟೆಯ ತೂಕ. ಒಂದು ಕಡೆ ಕೀಲು ಮುರಿದು ಮುಚ್ಚಳ ಹಿಂದಕ್ಕೆ ಬೀಳುತ್ತಿತ್ತು. ಒಳಗಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದ್ದರಿಂದ ಸದಾ ಪ್ಲಗ್ಗಿನಲ್ಲೇ ಇರಬೇಕು. ಮೇಷ್ಟ್ರು ಅಡುಗೆಮನೆಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಎಳೆದು, ಗೇಟಿನ ಹೊರಗೆ ನಿಂತಿದ್ದ ಕಾರಿನ ಪಕ್ಕದ ಸೀಟಿಗೆ ಅದನ್ನು ಏರಿಸಿ, ಬೆನ್ನಿಗೊಂದು ದಿಂಬು ಕೊಟ್ಟರು.

ಲ್ಯಾಪ್‌ಟಾಪ್ ನರಳಿತು, ಗುರುಗುಟ್ಟಿತು, ಬಹಳ ಹೊತ್ತು ಯೋಚಿಸಿ ಕಡೆಗೆ ಕಣ್ಣು ಬಿಟ್ಟಿತು. ತೆರೆಯ ತುಂಬ ಅಪ್ಪ. ಹೊಸದಾಗಿದ್ದ ಇದೇ ಕಾರಿಗೆ ಒರಗಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಗುತ್ತಿದ್ದರು. ಮಗಳು ಆಗ ತೆಗೆದಿದ್ದ ಫೋಟೊ. ಮೇಷ್ಟ್ರು ತೆರೆಯ ಧೂಳೊರೆಸಿ, ಸಿ.ಡಿ. ಹಾಕಿ, ಕೇಬಲ್ಲನ್ನು ಕಾರಿಗೆ ಸಿಕ್ಕಿಸಿದರು.

ಸಾಫ್ಟ್‌ವೇರ್ ಮೊದಲ ಅಪ್ಪಣೆ ಕೊಟ್ಟಿತು: ಕೀ ತಿರುಗಿಸಿ ಇಡಿ, ಎಂಜಿನ್ ಶುರು ಮಾಡಬೇಡಿ, ಕಾಯಿರಿ. ಮೇಷ್ಟ್ರು ಕೀ ತಿರುಗಿಸಿದರು. ಸ್ಟಿಕರಿನ ಗುಲಾಬಿಯ ಹಿಂದೆ ಹಳದಿ ದೀಪ ಹೊತ್ತಿಕೊಂಡಿತು. ತೆರೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯ ನಡಿಗೆಯಲ್ಲಿ ಹೊರಟಿತು.

ಅರ್ಧ ದಾರಿ ಹೋಗಿತ್ತು, ಲ್ಯಾಪ್‌ಟಾಪ್ ದಬಕ್ಕನೆ ಕತ್ತಲಾಯಿತು. ಅಡುಗೆಮನೆಯಿಂದ ಮಿಕ್ಸಿಯ ಸದ್ದು ಕೇಳಿಸಿತು.

"ಏಯ್! ಯಾರು ಪ್ಲಗ್ ತೆಗೆದಿದ್ದು?"

"ನಾನೇ ತೆಗೆದೆ. ಮಧ್ಯಾಹ್ನ ಊಟಕ್ಕೆ ಕಾರಿನ ದೀಪ ಬಡಿಸ್ಲಾ?" ಎಂದಳು ಹೆಂಡತಿ.

ಮತ್ತೆ ನರಳಾಟ, ಮತ್ತೆ ಅಪ್ಪನ ಫೋಟೊ, ಮತ್ತೆ ಇರುವೆ. ಈ ಗದ್ದಲಕ್ಕೆ ಎದುರುಮನೆಯ ಸ್ಟೇಷನ್ ಮಾಸ್ಟ್ರು ಬಂದರು. ರಿಟೈರಾಗಿದ್ದರೂ ಬೀದಿಯಲ್ಲಿ ಏನೇ ಹಾದುಹೋದರೂ ಎದ್ದು ನೋಡುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ. ಅವರ ಹಿಂದೆ, ಕತ್ತಿಗೆ ಟೇಪು ನೇತುಹಾಕಿಕೊಂಡೇ ಮೂಲೆಯಂಗಡಿಯ ಟೈಲರ್ ಬಂದ.

"ಹಳದಿ ಅಂದ್ರೆ ನಿಲ್ಲು ಅಂತಲ್ಲ ಮೇಷ್ಟ್ರೇ, ಹುಷಾರಾಗಿ ಮುಂದೆ ಹೋಗು ಅಂತ. ನನ್ನ ಸರ್ವೀಸ್ ಪೂರ್ತಿ ಹಾಗೇ ನಡೆಸಿದ್ದೀನಿ," ಎಂದರು ಸ್ಟೇಷನ್ ಮಾಸ್ಟ್ರು.

"ಅದನ್ನ ನಮ್ಮಕ್ಕನಿಗೆ ಹೇಳಿ ಸಾರ್."

ಮೇಷ್ಟ್ರು ನೀರು ಕುಡಿದು ಬರುವಷ್ಟರಲ್ಲಿ ನೀಲಿ ಪಟ್ಟಿ ಮಾಯವಾಗಿ, ಈ ಸಾಫ್ಟ್‌ವೇರಿನ ಅವಧಿ ಮುಗಿದಿದೆ ಅನ್ನುವ ಕೆಂಪು ಅಕ್ಷರಗಳು ಕೂತಿದ್ದವು.

"ಏನು ಮಾಡಿದ್ರಿ ಸಾರ್?"

"ಏನೂ ಮಾಡಿಲ್ಲಪ್ಪ. ಮೂಲೇಲಿ ಗಡಿಯಾರ ತಪ್ಪಿತ್ತು, ತಾರೀಖು ಎಷ್ಟೋ ವರ್ಷ ಹಿಂದಿತ್ತು. ಸರಿ ಮಾಡ್ದೆ. ತಪ್ಪು ಟೈಮ್ ತೋರಿಸೋ ಗಡಿಯಾರದ ಎದುರು ನಂಗೆ ಕೂರೋಕಾಗಲ್ಲ," ಎಂದರು ಸ್ಟೇಷನ್ ಮಾಸ್ಟ್ರು.

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಹಳೆಯ ತಾರೀಖನ್ನು ಒಂದೊಂದೇ ಗುಂಡಿ ಒತ್ತಿ ಹಿಂದಕ್ಕೆ ತರಬೇಕಾಯಿತು. ಯಾವ ವರ್ಷಕ್ಕೆ ನಿಲ್ಲಿಸಬೇಕೆಂದು ಅವರು ಯೋಚಿಸಲಿಲ್ಲ. ಅಪ್ಪ ಇದ್ದ ವರ್ಷಕ್ಕೆ ನಿಲ್ಲಿಸಿದರು. ಸಾಫ್ಟ್‌ವೇರ್ ತಕರಾರಿಲ್ಲದೆ ಒಪ್ಪಿಕೊಂಡಿತು.

ಇರುವೆ ಮೂರನೆಯ ಸಲ ಹೊರಟಿತು. ಸುಮ್ಮನೆ ಕೂರಲಾರದ ಟೈಲರ್ ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದು ಕೈಯಾಡಿಸಿದ. ಒಳಗೆ ಒಂದು ಕ್ಯಾಸೆಟ್ ಸಿಕ್ಕಿತು.

"ಹಾಕ್ಲಾ ಮೇಷ್ಟ್ರೇ? ಕಾಯೋದು ಕಾಯ್ತೀವಿ, ಹಾಡಾದ್ರೂ ಕೇಳೋಣ."

ಹಾಡಲ್ಲ. ಗರಗರ ಸದ್ದಿನ ನಡುವೆ ಎಳೆಯ ಹುಡುಗಿಯ ದನಿಯೊಂದು ರಾಗವಾಗಿ ಮಗ್ಗಿ ಹೇಳುತ್ತಿತ್ತು. "ಹದಿಮೂರು ಐದ್ಲ ಅರವತ್ತೈದು, ಹದಿಮೂರು ಆರ್ಲ ಎಪ್ಪತ್ತೆಂಟು, ಹದಿಮೂರು ಏಳ್ಲ... ಏಳ್ಲ..." ಅಷ್ಟರಲ್ಲಿ ಅಪ್ಪನ ಗಂಟಲು: "ಹೇಳಮ್ಮ. ಹದಿಮೂರು ಏಳ್ಲ?" ದೂರದಲ್ಲೊಂದು ಪೋರನ ಅಳು: "ನಂಗೂ ಕೊಡೂ, ನಂಗೂ ಮೈಕೂ..."

"ಅಳ್ತಿರೋದು ಯಾರು?" ಎಂದ ಟೈಲರ್.

"ನಾನೇ. ಮಗ್ಗಿ ಹೇಳ್ತಿರೋದು ಅಕ್ಕ," ಎಂದರು ಮೇಷ್ಟ್ರು.

ಅಂಥ ಸಂಪತ್ತು ಅಲ್ಲಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಅಪ್ಪ ಯಾವುದೋ ಕಾಲದ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟು, ಕಾರು ಕೊಂಡ ಮೇಲೆ ಒಬ್ಬರೇ ಕೇಳಿಕೊಂಡು ಓಡಾಡಿರಬೇಕು. ಮತ್ತೊಮ್ಮೆ ಹಾಕಿದರು. ಇನ್ನೊಮ್ಮೆ ಹಾಕಿದರು. ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಹಿಂದಿನ ಸೀಟಿನಲ್ಲಿ ಕೂತಳು. "ಮಾವನ ಧ್ವನಿ ಹೀಗೇ ಇತ್ತು, ಅಲ್ವಾ?" ಎಂದು ಕಣ್ಣೊರೆಸಿಕೊಂಡಳು. ಸ್ಟೇಷನ್ ಮಾಸ್ಟ್ರು ಮೊದಲ ಸ್ಟೇಷನ್ನಿನ ಒಂಟಿ ಕ್ವಾರ್ಟರ್ಸನ್ನು ನೆನೆದರು. ಟೈಲರ್ ತನ್ನಪ್ಪನ ಕಾಲುಮೆಷಿನ್ನಿನ ಸದ್ದಿಗೇ ತಾನು ನಿದ್ದೆ ಹೋಗುತ್ತಿದ್ದುದನ್ನು ಹೇಳಿದ. ಸೆಕೆಯಾಯಿತೆಂದು ಒಬ್ಬರು ಕಾರಿನ ಫ್ಯಾನ್ ಹಾಕಿದರು, ಕ್ಯಾಸೆಟ್ಟಿನ ಮೇಲಿನ ಅಪ್ಪನ ಅಕ್ಷರ ಓದಲು ಇನ್ನೊಬ್ಬರು ಮೇಲಿನ ದೀಪ ಹಾಕಿದರು. ಊಟ ಕಾರಿಗೇ ಬಂತು. ನೀಲಿ ಪಟ್ಟಿಯನ್ನು ಯಾರೂ ನೋಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹುಡುಗಿಯ ದನಿ ದಪ್ಪಗಾಗುತ್ತ, ಎಳೆಯುತ್ತ, ಶೀತವಾದ ಗಂಡಸಿನ ದನಿಯಂತಾಯಿತು. "ಹದಿ...ಮೂ...ರು... ಏ...ಳ್ಲ..."

"ಟೇಪ್ ಹಳೇದಲ್ವಾ," ಎಂದರು ಮೇಷ್ಟ್ರು.

ಟೇಪು ನಿಂತಿತು. ಅದರ ಹಿಂದೆಯೇ ಟೈಲರ್ ಕೂಗಿದ: "ಮೇಷ್ಟ್ರೇ! ದೀಪ! ಹಳದಿ ದೀಪ ಆರಿಹೋಯ್ತು!"

ನಿಜ. ಸ್ಟಿಕರ್ ಕಿತ್ತು ನೋಡಿದರು. ಸುಳಿವೇ ಇಲ್ಲ. ಸ್ಟೇಷನ್ ಮಾಸ್ಟ್ರು ಮೇಷ್ಟ್ರನ್ನು ತಬ್ಬಿಕೊಂಡರು. ಹೆಂಡತಿ ಸೌಟಿನಿಂದ ಕಾರಿನ ಬಾಗಿಲು ಬಡಿದು ಸಂಭ್ರಮಪಟ್ಟಳು. ಸರಿಯಾಗಿ ಆಗಲೇ ಆಟೊದಿಂದ ಅಕ್ಕ ಇಳಿದಳು. ಜೊತೆಯಲ್ಲಿ ಗುಜರಿಯವನು.

"ನೋಡಕ್ಕ, ದೀಪ ಆರಿದೆ!"

"ಸರಿ. ಓಡಿಸು."

ಮೇಷ್ಟ್ರು ಎದೆಯುಬ್ಬಿಸಿ ಕೀ ತಿರುಗಿಸಿದರು. ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದರು. ಟಕ್ ಕೂಡ ಅನ್ನಲಿಲ್ಲ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹೇಳುತ್ತಿತ್ತು: ಗಾಡಿಯ ಜೊತೆ ಸಂಪರ್ಕವಿಲ್ಲ.

ಗುಜರಿಯವನು ಬಗ್ಗಿ ನೋಡಿದ. "ಬೆಳಗ್ಗೆಯಿಂದ ಕೀ ಆನ್ ಇತ್ತಾ ಸಾರ್? ಫ್ಯಾನು, ಟೇಪು ಎಲ್ಲಾ? ಬ್ಯಾಟರಿ ಪೂರ್ತಿ ಇಳಿದುಹೋಗಿದೆ."

"ಒಂದು ದೀಪ ಆರಿಸು ಅಂದ್ರೆ," ಎಂದಳು ಅಕ್ಕ, "ಇದ್ದಬದ್ದ ದೀಪಾನೆಲ್ಲ ಆರಿಸ್ಕೊಂಡು ಕೂತಿದ್ದೀಯಲ್ಲೋ!"

ಮೇಷ್ಟ್ರ ಮುಖ ಇಷ್ಟಗಲವಾಗಿದ್ದುದು ಇಷ್ಟೇ ಇಷ್ಟಾಯಿತು. "ಒಂದು ಸಲ ತಳ್ಳಿ ನೋಡೋಣ ಅಕ್ಕ. ಒಂದೇ ಸಲ. ಶುರುವಾಗ್ಲಿಲ್ಲ ಅಂದ್ರೆ ತಗೊಂಡು ಹೋಗ್ಲಿ, ನಾನು ಅಡ್ಡ ಬರಲ್ಲ."

ಅಕ್ಕನಿಗೆ ಏನನ್ನಿಸಿತೋ. "ನಂಗೆ ಸೊಂಟನೋವು, ತಳ್ಳೋಕಾಗಲ್ಲ. ಸ್ಟೀರಿಂಗ್ ಬೇಕಾದ್ರೆ ಹಿಡೀತೀನಿ," ಎಂದು ಒಳಗೆ ಕೂತಳು. ಅವಳು ಡ್ರೈವಿಂಗ್ ಕಲಿತದ್ದೂ ಇದೇ ಸೀಟಿನಲ್ಲಿ, ಅಪ್ಪನ ಬೈಗುಳ ತಿನ್ನುತ್ತ. ಮೇಷ್ಟ್ರು, ಸ್ಟೇಷನ್ ಮಾಸ್ಟ್ರು, ಟೈಲರ್, ಹೆಂಡತಿ ಹಿಂದೆ ನಿಂತರು. ಸುಮ್ಮನೆ ನಿಲ್ಲಲು ಮನಸ್ಸು ಬಾರದೆ ಗುಜರಿಯವನೂ ಹೆಗಲು ಕೊಟ್ಟ.

ಕಾರು ಮಿಸುಕಿತು, ಉರುಳಿತು, ಇಳಿಜಾರು ಸಿಕ್ಕಿತು. ಅಕ್ಕ ಕ್ಲಚ್ ಬಿಟ್ಟಳು. ಗುಡ್ ಗುಡ್ ಎಂದು ಎರಡು ಸಲ ಮುಗ್ಗರಿಸಿ ಎಂಜಿನ್ ಹತ್ತಿಕೊಂಡಿತು! ಅದರ ಜೊತೆಗೇ ಟೇಪಿಗೂ ಜೀವ ಬಂತು. ಬೀದಿಗೆಲ್ಲ ಕೇಳುವಂತೆ ಎಳೆಯ ಅಕ್ಕ ಹಾಡಿದಳು: "ಹದಿಮೂರು ಏಳ್ಲ... ಏಳ್ಲ..." "ಹೇಳಮ್ಮ," ಎಂದರು ಅಪ್ಪ.

ಕಾರು ನಿಲ್ಲಲಿಲ್ಲ. ಎಕ್ಸ್‌ಟೆನ್ಷನ್ ವೈರು ಬಿಗಿಯಾಯಿತು, ಚಾರ್ಜರ್ ಕಿತ್ತುಕೊಂಡು ಕಿಟಕಿಯಿಂದ ಹೊರಗೆ ಹಾರಿ ಮೇಷ್ಟ್ರ ಕಾಲಬಳಿ ಬಿತ್ತು. ಕಾರು ತಿರುವು ದಾಟಿ ಮರೆಯಾಯಿತು. ಸ್ಟೇಷನ್ ಮಾಸ್ಟ್ರ ಕೈ ಅಭ್ಯಾಸಬಲದಿಂದ ಹಸಿರು ಬಾವುಟ ಬೀಸುವಂತೆ ಮೇಲೆದ್ದಿತ್ತು.

ಎಷ್ಟು ಹೊತ್ತು ಕಾದರೂ ಅಕ್ಕ ತಿರುಗಿ ಬರಲಿಲ್ಲ. ಫೋನ್ ಬಂತು. ಮೊದಲು ಮೂಗು ಸೊರ ಸೊರ ಅನ್ನುವ ಸದ್ದು.

"ತೊಂಬತ್ತೊಂದು ಕಣೋ," ಎಂದಳು ಅಕ್ಕ. "ಅವತ್ತು ಹೇಳೋಕೆ ಬಂದಿರ್ಲಿಲ್ಲ. ಈಗ ಅಪ್ಪನಿಗೆ ಹೇಳ್ದೆ."

ಮೇಷ್ಟ್ರ ಕಣ್ಣೂ ತುಂಬಿತು. "ಹಾಗಾದ್ರೆ ಗುಜರಿಗೆ ಹಾಕಲ್ವಾ ಅಕ್ಕ?"

"ಥೂ! ಅಪ್ಪನ ಗಾಡೀನ ಗುಜರಿಗೆ ಹಾಕೋಕೆ ಮನಸ್ಸಾದ್ರೂ ಹೇಗೆ ಬರುತ್ತೋ ನಿಂಗೆ? ನಾನಿರೋವರೆಗೂ ಅದು ನನ್ನ ಮನೇಲೇ ಇರುತ್ತೆ. ಆಗಲೇ ಅರ್ಧ ದಾರಿ ಬಂದಿದ್ದೀನಿ."

"ಅಕ್ಕಾ... ಹಳದಿ ದೀಪ?"

"ಉರೀತಿದೆ. ಉರೀಲಿ ಬಿಡು, ಪಾಪ."

ಫೋನ್ ಇಟ್ಟ ಮೇಲೆ ಮೇಷ್ಟ್ರು ಚಾರ್ಜರ್ ಎತ್ತಿಕೊಂಡು, ಖಾಲಿಯಾದ ಜಾಗದಲ್ಲಿ ಬಿದ್ದಿದ್ದ ಎಣ್ಣೆಯ ಕಲೆ ನೋಡುತ್ತ ನಿಂತರು. ಗುಜರಿಯವನು ಮೆಲ್ಲಗೆ ಹತ್ತಿರ ಬಂದ. "ಸಾರ್, ಇಷ್ಟು ದೂರ ಬಂದಿದ್ದೀನಿ. ಅದನ್ನಾದ್ರೂ ಕೊಡ್ತೀರಾ?"

ಮೇಷ್ಟ್ರು ಚಾರ್ಜರನ್ನು ಕಂಕುಳಲ್ಲಿ ಅವುಚಿಕೊಂಡರು. "ಇಲ್ಲಪ್ಪ, ಇದೊಂದು ನನ್ನದು."

ಮತ್ತೆ ಫೋನ್ ಬಂತು.

"ಲೋ, ಪಕ್ಕದ ಸೀಟಲ್ಲಿ ಕಂಪ್ಯೂಟರ್ ಬಂದಿದೆ. ಅದರಲ್ಲಿ ಅಪ್ಪನ ಫೋಟೊ ಇದೆಯಂತೆ, ನಿನ್ನ ಹೆಂಡ್ತಿ ಈಗ ಫೋನ್ ಮಾಡಿ ಹೇಳಿದ್ಲು. ತೆರೆದರೆ ಬರೀ ಕತ್ತಲೆ. ಅದರ ಚಾರ್ಜರ್ ಇದ್ರೆ ಈಗಲೇ ತಂದುಕೊಟ್ಟು ಹೋಗೋ."

"ಈಗ ಹೇಗಕ್ಕ ಬರ್ಲಿ?"

"ಅಷ್ಟೂ ತಿಳಿಯಲ್ವೇನೋ? ಬಸ್ಸಿಗೆ ಬಾ."