ಪೊಳ್ಳಾಚಿಗೆ ಹೋದ ಅಯಸ್ಕಾಂತ

ಅಯಸ್ಕಾಂತದ ಸಂಶೋಧನೆ ನಗುವ ವಿಷಯವೇನಲ್ಲ. ಆದರೂ ಎಂಬತ್ತರ ದಶಕದಲ್ಲಿ ಪೀಳಮೇಡಿನ ಕಾಲೇಜೊಂದರಲ್ಲಿ ನಾನು ಆ ಕೆಲಸ ಮಾಡುತ್ತಿದ್ದಷ್ಟು ಕಾಲ ಏನಾದರೊಂದು ನಡೆಯುತ್ತಲೇ ಇತ್ತು.

ಹೆಣ್ಣು ನೋಡಿದ್ದು

ತಿರುಪ್ಪೂರಿನ ಹತ್ತಿರ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯ ಅಪ್ಪ ಕೇಳಿದರು: "ಏನು ಕೆಲಸ ತಂಬಿ?"

"ಅಯಸ್ಕಾಂತದ ಮೇಲೆ ಸಂಶೋಧನೆ."

"ಕಬ್ಬಿಣ ಎಳೀತದಲ್ಲ, ಅದಾ? ಅದು ಎಳೀತದೆ ಅಂತ ನಮ್ಮಜ್ಜನಿಗೇ ಗೊತ್ತಿತ್ತು. ಇನ್ನೇನು ಹುಡುಕೋದು?"

ಸಂಬಂಧ ಕೈತಪ್ಪೀತೆಂದು ಹೆದರಿ, ಮೋಟಾರು ಬಿಸಿಯಾಗದ ಹಾಗೆ ಮಾಡುವುದೂ ಇದೇ ವಿದ್ಯೆ ಎಂದೆ.

"ಮೋಟಾರಾ? ಮೊದಲೇ ಹೇಳಬಾರದಾ!" ಎಂದು ಎದ್ದವರೇ ನನ್ನನ್ನು ಹಿತ್ತಲಿನ ಬಾವಿಗೆ ಕರೆದೊಯ್ದರು. ಅವತ್ತು ನಾನು ಸರಿಯಾಗಿ ನೋಡಿದ್ದು ಅವರ ಪಂಪ್‌ಸೆಟ್ಟನ್ನು ಮಾತ್ರ.

ಗುಳಿಗೆ

ನಮ್ಮ ಪ್ರೊಫೆಸರು ಮೈಸೂರಿನ ಕಡೆಯವರು. ಅಯಸ್ಕಾಂತ ಮಾಡುವ ಫೆರೈಟ್ ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಸುಟ್ಟು ಕಪ್ಪು ಬಿಲ್ಲೆ ಮಾಡುವುದು ನನ್ನ ಕೆಲಸ. ತಿಂಗಳುಗಟ್ಟಲೆ ಒಂದೂ ನಿಲ್ಲಲಿಲ್ಲ, ಮುಟ್ಟಿದರೆ ಪುಡಿ.

ಒಂದು ಮಧ್ಯಾಹ್ನ ಪ್ರೊಫೆಸರು ಊಟ ಮುಗಿಸಿ, ಅಜೀರ್ಣದ ಗುಳಿಗೆ ಎಂದುಕೊಂಡು ಮೇಜಿನ ಮೇಲಿದ್ದ ನನ್ನ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು ಕಡಿದರು. ಕಟ್ ಎಂದಿತು.

ಅವರು ಅದನ್ನು ಅಂಗೈಗೆ ಉಗಿದು, ತಿರುಗಿಸಿ ನೋಡಿ, ದವಡೆ ಹಿಡಿದುಕೊಂಡೇ ಹೇಳಿದರು: "ಈ ಸಲ ಸರಿಯಾಗಿ ಬೆಂದಿದೆ ಕಣಯ್ಯ."

ಹಸು

ಪೊಳ್ಳಾಚಿಯ ಹತ್ತಿರದ ಹಳ್ಳಿಯಿಂದ ನಮ್ಮ ಸೋದರತ್ತೆ ಒಂದು ದಿನ ಅಳುತ್ತಾ ಕಾಲೇಜಿಗೇ ಬಂದುಬಿಟ್ಟರು. ಅವರ ಹಸು ಮೇವಿನ ಜೊತೆ ತಂತಿಯ ಚೂರು ನುಂಗಿತ್ತು. ಹೊಟ್ಟೆಗೆ ಅಯಸ್ಕಾಂತ ಇಳಿಸಿದರೆ ತಂತಿ ಅದಕ್ಕೆ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ, ಹೃದಯಕ್ಕೆ ಚುಚ್ಚುವುದಿಲ್ಲ ಎಂದಿದ್ದರಂತೆ ದನದ ಡಾಕ್ಟರು. ಆದರೆ ಅವರ ಹತ್ತಿರ ಅಯಸ್ಕಾಂತ ಇರಲಿಲ್ಲ.

"ನೀನು ಅದನ್ನೇ ತಾನೆ ಓದೋದು ಸಾಮಿ? ಒಂದು ಕೊಡು."

ಪ್ರೊಫೆಸರು ಊರಲ್ಲಿರಲಿಲ್ಲ. ನಾವೇ ಎರಕ ಹೊಯ್ದಿದ್ದ ಬೆರಳುದ್ದದ ನುಣುಪು ಅಯಸ್ಕಾಂತದ ಸರಳನ್ನು ಹಿಡಿದು ಅತ್ತೆಯ ಜೊತೆ ಬಸ್ಸು ಹತ್ತಿದೆ. ಡಾಕ್ಟರು ಅದನ್ನು ಹಸುವಿನ ಗಂಟಲೊಳಗೆ ಇಳಿಸಿದರು. ಕೆಲವು ದಿನಕ್ಕೆ ಹಸು ಮೇವು ಮುಟ್ಟಿತು.

ಅಷ್ಟರಲ್ಲಿ ನಮ್ಮ ಕೆಲಸ ನೋಡಲು ದೆಹಲಿಯಿಂದ ತಜ್ಞರು ಬಂದರು. ಪ್ರೊಫೆಸರು ಪಿಸುಗುಟ್ಟಿದರು: "ಆ ಸರಳು ಎಲ್ಲಯ್ಯ?"

"ಪೊಳ್ಳಾಚಿಯಲ್ಲಿ, ಸರ್."

"ಯಾವ ಕಾಲೇಜಿಗೆ ಕೊಟ್ಟೆ?"

"ಹಸುವಿನ ಹೊಟ್ಟೆಯಲ್ಲಿದೆ, ಸರ್."

ಅವರು ನನ್ನನ್ನೇ ದಿಟ್ಟಿಸಿದರು. "ಹಸು ಹೇಗಿದೆ?"

"ಚೆನ್ನಾಗಿದೆ, ಸರ್."

ಆಗಲೇ ತಜ್ಞರು ಕೇಳಿದರು: "ನೀವು ಮಾಡಿದ್ದು ಹೊರಗೆ ಎಲ್ಲಾದರೂ ಬಳಕೆಗೆ ಬಂದಿದೆಯೇ?"

"ಬಂದಿದೆ. ಪೊಳ್ಳಾಚಿ ಕಡೆ ಒಂದು ಕೆಲಸ ಮಾಡುತ್ತಿದೆ," ಎಂದರು ಪ್ರೊಫೆಸರು.

"ಯಾವ ಉದ್ಯಮದಲ್ಲಿ?"

ಪ್ರೊಫೆಸರು ಕಣ್ಣು ಮಿಟುಕಿಸದೆ ಹೇಳಿದರು: "ಹಾಲಿನ ಉದ್ಯಮದಲ್ಲಿ."